ಸಸಾನಿಯನ್ ಬೆಳ್ಳಿ ದ್ರಾಕ್ಮಾಗಳನ್ನು ಗುರುತಿಸಿ, ಓದಿ, ಸಂಗ್ರಹಿಸುವ ಬಗೆ: ಸಮಗ್ರ ಮಾರ್ಗದರ್ಶಿ

ಕ್ರಿ.ಶ. 224ರಲ್ಲಿ ಪಾರ್ಥಿಯನ್ ದೊರೆ ಅರ್ತಬಾನನನ್ನು ಹೊರ್ಮೊಜ್ಗಾನ್ ಕಾಳಗದಲ್ಲಿ ಸೋಲಿಸಿ ಒಂದನೇ ಅರ್ದಶೀರನು ಕಟ್ಟಿದ ಸಸಾನಿಯನ್ ರಾಜವಂಶವು 651ರಲ್ಲಿ ಮೂರನೇ ಯಜ್ದಗಿರ್ದನು ಮರ್ವ್ ಪಟ್ಟಣದ ಬಳಿ ಕೊಲೆಯಾದಾಗ ಮುಗಿಯಿತು. ಇಸ್ಲಾಂ ಬರುವುದಕ್ಕೆ ಮೊದಲು ಪರ್ಷಿಯಾವನ್ನಾಳಿದ ಕೊನೆಯ ಅರಸುಮನೆತನ ಇದು. ಅವರ ಅರಮನೆಗಳು ಪಾಳುಬಿದ್ದಿವೆ, ಬರಹಗಳಲ್ಲಿ ಬಹುಪಾಲು ಕಳೆದುಹೋಗಿವೆ. ಆದರೆ ಅವರು ಟಂಕಿಸಿದ ಬೆಳ್ಳಿಯ ದ್ರಾಕ್ಮಾಗಳು ಇಂದಿಗೂ ಸಾವಿರಾರು ಸಂಖ್ಯೆಯಲ್ಲಿ ಉಳಿದಿದ್ದು, ಟೆಹರಾನಿನ ರಾಷ್ಟ್ರೀಯ ವಸ್ತುಸಂಗ್ರಹಾಲಯ, ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ, ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯಗಳ ದೊಡ್ಡ ಸಂಗ್ರಹಗಳಲ್ಲದೆ ಸಾಮಾನ್ಯ ಸಂಗ್ರಾಹಕರ ಕೈಗೂ ಎಟಕುತ್ತವೆ. ಸಾವಿರದ ನಾನೂರು ವರ್ಷ ಹಳೆಯ, ದೊರೆಯ ಹೆಸರು, ಆಳ್ವಿಕೆಯ ವರ್ಷ, ಟಂಕಸಾಲೆಯ ಗುರುತು ಮೂರನ್ನೂ ಹೊತ್ತ ಬೆಳ್ಳಿಯ ನಾಣ್ಯವೊಂದು ಇಷ್ಟು ಸುಲಭವಾಗಿ ದೊರೆಯುವುದು ಪ್ರಾಚೀನ ಜಗತ್ತಿನಲ್ಲೇ ಅಪರೂಪ.

ಸುಲಭವಾಗಿ ದೊರೆಯುತ್ತದೆ ಎಂಬ ಕಾರಣಕ್ಕೇ ಹಲವರು ಮೊದಲು ಕೊಂಡು ಆಮೇಲೆ ಕಲಿಯಲು ಹೊರಡುತ್ತಾರೆ. ಆ ಕ್ರಮ ತಿರುವುಮುರುವಾಗಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ನಾಣ್ಯವನ್ನು ಓದಲು ಬಾರದವನಿಗೆ ಅದರ ಬೆಲೆಯನ್ನು ಮಾರುವವನೇ ಹೇಳಬೇಕಾಗುತ್ತದೆ. ಓದಲು ಬಂದವನು ನೂರು ನಾಣ್ಯಗಳ ರಾಶಿಯಿಂದ ತನಗೆ ಬೇಕಾದ ಒಂದನ್ನು ತಾನೇ ಆರಿಸಿಕೊಳ್ಳಬಲ್ಲ. ಆದ್ದರಿಂದ ಈ ಮಾರ್ಗದರ್ಶಿಯ ಹೆಚ್ಚಿನ ಭಾಗ ಗುರುತಿಸುವುದಕ್ಕೆ ಮತ್ತು ಓದುವುದಕ್ಕೆ ಮೀಸಲಾಗಿದೆ. ಕೊಳ್ಳುವ ಮಾತು ಅದಾದ ಮೇಲೆ ಬರುತ್ತದೆ.

ಮೊದಲ ಹಂತ: ಬಿಲ್ಲೆಯನ್ನು ನೋಡಿ, ಅಳೆದು, ತೂಗುವುದು

ಮೂರು ಸಲಕರಣೆಗಳು ಸಾಕು: ಹತ್ತು ಪಟ್ಟು ಹಿಗ್ಗಿಸಿ ತೋರಿಸುವ ಭೂತಗನ್ನಡಿ, ಕನಿಷ್ಠ ಗ್ರಾಮಿನ ನೂರನೇ ಒಂದು ಭಾಗದವರೆಗೆ ತೋರಿಸುವ ತಕ್ಕಡಿ ಮತ್ತು ಮಿಲಿಮೀಟರ್ ಅಳೆಯುವ ಪ್ಲಾಸ್ಟಿಕ್ ಕ್ಯಾಲಿಪರ್. ಲೋಹದ ಕ್ಯಾಲಿಪರ್ ತೆಳುವಾದ ಅಂಚನ್ನು ಕೆರೆಯುವ ಅಪಾಯವಿರುವುದರಿಂದ ಅದನ್ನು ಬಳಸದಿರುವುದೇ ಒಳ್ಳೆಯದು.

ಸಸಾನಿಯನ್ ದ್ರಾಕ್ಮಾ ಅಗಲವಾಗಿ, ತೆಳುವಾಗಿ ಇರುತ್ತದೆ. ಅದಕ್ಕೆ ಹಿಂದಿನ ಪಾರ್ಥಿಯನ್ ದ್ರಾಕ್ಮಾ ಸುಮಾರು 18ರಿಂದ 20 ಮಿಲಿಮೀಟರ್ ಅಗಲದ ದಪ್ಪ ಬಿಲ್ಲೆಯಾಗಿದ್ದರೆ, ಅರ್ದಶೀರನ ಕಾಲದಿಂದ ಬಿಲ್ಲೆ ಹಿಗ್ಗುತ್ತ ಹೋಗಿ ಆರನೇ ಶತಮಾನದ ಕೊನೆಯ ಹೊತ್ತಿಗೆ 30 ಮಿಲಿಮೀಟರ್ ದಾಟುತ್ತದೆ. ಅಗಲ ಎಷ್ಟೇ ಹೆಚ್ಚಿದರೂ ತೂಕ ಮಾತ್ರ ಬದಲಾಗದೆ 4 ಗ್ರಾಮಿನ ಆಸುಪಾಸಿನಲ್ಲೇ ನಿಲ್ಲುತ್ತದೆ. ಚೆನ್ನಾಗಿ ಉಳಿದ ನಾಣ್ಯ 4.0ರಿಂದ 4.2 ಗ್ರಾಂ ತೂಗುತ್ತದೆ. ನಾಲ್ಕು ನೂರು ವರ್ಷಗಳ ಕಾಲ, ರೋಮಿನೊಂದಿಗೆ ಮತ್ತೆ ಮತ್ತೆ ಯುದ್ಧ ಮಾಡುತ್ತಲೂ, ಬೆಳ್ಳಿಯ ಶುದ್ಧತೆಯನ್ನೂ ತೂಕವನ್ನೂ ಹೀಗೆ ಕಾಪಾಡಿಕೊಂಡದ್ದು ಸಣ್ಣ ಸಾಧನೆಯಲ್ಲ. ಇದೇ ಅವಧಿಯಲ್ಲಿ ರೋಮಿನ ಬೆಳ್ಳಿ ನಾಣ್ಯ ಬೆರಕೆಯಾಗಿ ಹಾಳಾದದ್ದನ್ನು ನೆನೆದರೆ ಇದರ ಬೆಲೆ ತಿಳಿಯುತ್ತದೆ.

ನಿಮ್ಮ ಮುಂದಿರುವ ನಾಣ್ಯ 3.5 ಗ್ರಾಮಿಗಿಂತ ಹಗುರವಾಗಿದ್ದರೆ ಅಂಚನ್ನು ಸುತ್ತಲೂ ಪರೀಕ್ಷಿಸಬೇಕು. ಅಂಚಿನ ಚುಕ್ಕಿಗಳ ವೃತ್ತವೂ ಅದರ ಹೊರಗಿನ ಚಂದ್ರ–ನಕ್ಷತ್ರಗಳೂ ಕತ್ತರಿಸಿಹೋಗಿದ್ದರೆ ಅದು ಹಿಂದಿನ ಕಾಲದಲ್ಲೇ ಅಂಚು ಕತ್ತರಿಸಿದ ನಾಣ್ಯ. ಅರಬರ ಆಳ್ವಿಕೆ ಬಂದ ಮೇಲೆ ಹೊಸ ದಿರ್ಹಮ್ 3 ಗ್ರಾಮಿಗೂ ಸ್ವಲ್ಪ ಕಡಿಮೆ ತೂಕಕ್ಕೆ ನಿಗದಿಯಾದಾಗ, ಹಳೆಯ ಭಾರದ ದ್ರಾಕ್ಮಾಗಳನ್ನು ಕತ್ತರಿಸಿ ಆ ತೂಕಕ್ಕೆ ತರುವುದು ವಾಡಿಕೆಯಾಯಿತು. ಇಂಥ ನಾಣ್ಯ ಖೋಟಾ ಅಲ್ಲ. ಇತಿಹಾಸದ ದೃಷ್ಟಿಯಿಂದ ಅದಕ್ಕೂ ಬೆಲೆಯಿದೆ, ಆದರೆ ಪೂರ್ಣ ನಾಣ್ಯದ ಹಣವನ್ನು ಅದಕ್ಕೆ ತೆರಬಾರದು.

ಎರಡನೇ ಹಂತ: ಕಿರೀಟದಿಂದ ದೊರೆಯನ್ನು ಗುರುತಿಸುವುದು

ಇದು ಇಡೀ ವಿದ್ಯೆಯ ತಿರುಳು. ಸಸಾನಿಯನ್ ದೊರೆಗಳಲ್ಲಿ ಪ್ರತಿಯೊಬ್ಬನೂ ಪಟ್ಟಕ್ಕೆ ಬಂದಾಗ ತನ್ನದೇ ಆದ ಕಿರೀಟವನ್ನು ಧರಿಸುತ್ತಿದ್ದ. ಪಟ್ಟ ಕಳೆದುಕೊಂಡು ಮರಳಿ ಪಡೆದವನು ಕಿರೀಟ ಬದಲಿಸಿದ್ದೂ ಉಂಟು. ಮುಖದ ಚಹರೆ ಎಲ್ಲರದೂ ಒಂದೇ ಅಚ್ಚಿನಂತೆ ಕಾಣುವುದರಿಂದ ಮುಖವನ್ನು ನೋಡಿ ಪ್ರಯೋಜನವಿಲ್ಲ. ಮುಂಭಾಗದಲ್ಲಿ ಬಲಕ್ಕೆ ಮುಖ ಮಾಡಿದ ದೊರೆಯ ಎದೆಮಟ್ಟದ ಚಿತ್ರವಿದ್ದು, ತಲೆಯ ಮೇಲೆ ಕೂದಲನ್ನು ರೇಷ್ಮೆ ಬಟ್ಟೆಯಲ್ಲಿ ಸುತ್ತಿ ಕಟ್ಟಿದ ದೊಡ್ಡ ಗೋಳವೊಂದು ಸಾಮಾನ್ಯವಾಗಿ ಕಾಣುತ್ತದೆ. ಆ ಗೋಳಕ್ಕೂ ಹಣೆಗೂ ನಡುವೆ ಏನಿದೆ ಎಂಬುದನ್ನು ನೋಡಬೇಕು.

ಕೋಟೆಯ ತೆನೆಗಳಂತೆ ಮೆಟ್ಟಿಲುಮೆಟ್ಟಿಲಾದ ಕಿರೀಟವಿದ್ದರೆ ಶಾಪೂರ್ ಎಂಬ ಹೆಸರು ಮೊದಲು ನೆನಪಾಗಬೇಕು. ಆದರೆ 260ರಲ್ಲಿ ರೋಮನ್ ಚಕ್ರವರ್ತಿ ವಲೇರಿಯನ್ನನನ್ನು ಸೆರೆಹಿಡಿದ ಒಂದನೇ ಶಾಪೂರನೂ, 309ರಿಂದ 379ರವರೆಗೆ ಎಪ್ಪತ್ತು ವರ್ಷ ಆಳಿದ ಎರಡನೇ ಶಾಪೂರನೂ ಇದೇ ಬಗೆಯ ಕಿರೀಟವನ್ನು ಧರಿಸುವುದರಿಂದ ಇಲ್ಲಿ ಹೊಸಬರು ಎಡವುತ್ತಾರೆ. ಬಿಡಿಸಿಕೊಳ್ಳುವ ದಾರಿ ಹಿಂಭಾಗದಲ್ಲಿದೆ. ಒಂದನೇ ಶಾಪೂರನ ನಾಣ್ಯದಲ್ಲಿ ಅಗ್ನಿವೇದಿಕೆಯ ಎರಡು ಬದಿಗೆ ನಿಂತವರು ವೇದಿಕೆಗೆ ಬೆನ್ನು ಮಾಡಿ ಹೊರಗೆ ನೋಡುತ್ತಾರೆ. ಎರಡನೇ ಶಾಪೂರನ ನಾಣ್ಯದಲ್ಲಿ ಇಬ್ಬರೂ ವೇದಿಕೆಯತ್ತ ಮುಖ ಮಾಡಿರುತ್ತಾರೆ. ಇದೊಂದನ್ನು ಮನದಟ್ಟು ಮಾಡಿಕೊಂಡರೆ ಮಾರುವವರ ಚೀಟಿಗಳಲ್ಲಿರುವ ಹಲವು ತಪ್ಪುಗಳು ನಿಮಗೇ ಕಾಣತೊಡಗುತ್ತವೆ.

ಕಿರಣಗಳು ಚಿಮ್ಮುವಂತಹ ಕಿರೀಟ ಒಂದನೇ ಬಹ್ರಾಮನದು. ಅವನ ಮಗ ಎರಡನೇ ಬಹ್ರಾಮನ ಕಿರೀಟಕ್ಕೆ ಹಕ್ಕಿಯ ರೆಕ್ಕೆಗಳಿವೆ; ಅವನ ಕೆಲವು ನಾಣ್ಯಗಳಲ್ಲಿ ದೊರೆಯ ಜೊತೆಯಲ್ಲಿ ರಾಣಿಯೂ, ಅವರಿಗೆ ಎದುರಾಗಿ ಚಿಕ್ಕ ರಾಜಕುಮಾರನೂ ಇರುವುದರಿಂದ ಒಂದೇ ಬಿಲ್ಲೆಯಲ್ಲಿ ಮೂರು ಮುಖಗಳು ಸೇರುತ್ತವೆ. ಇಡೀ ಸರಣಿಯಲ್ಲಿ ಇದಕ್ಕಿಂತ ಆತ್ಮೀಯವಾದ ಚಿತ್ರ ಇನ್ನೊಂದಿಲ್ಲ ಎಂದು ನಾನು ಭಾವಿಸುತ್ತೇನೆ. ಎರಡನೇ ಹೊರ್ಮಿಜ್ದನ ಕಿರೀಟ ಒಂದು ಇಡೀ ಹಕ್ಕಿಯ ಆಕಾರದಲ್ಲಿದ್ದು, ಹಕ್ಕಿಯ ಕೊಕ್ಕಿನಲ್ಲಿ ಮುತ್ತಿರುತ್ತದೆ. ನಾಣ್ಯ ಸವೆದಿದ್ದರೂ ಈ ಮುತ್ತು ದೊರೆಯ ಹಣೆಯ ಮುಂದೆ ಒಂದು ಗುಂಡು ಚುಕ್ಕಿಯಾಗಿ ಉಳಿದಿರುತ್ತದೆ. ಎರಡನೇ ಶಾಪೂರನ ನಂತರ ಬಂದ ಎರಡನೇ ಅರ್ದಶೀರನ ತಲೆಯ ಮೇಲೆ ಅಲಂಕಾರವಿಲ್ಲದ ಗುಮ್ಮಟದಂತಹ ಟೊಪ್ಪಿಗೆ ಮಾತ್ರ ಇದೆ, ಮೂರನೇ ಶಾಪೂರನ ಕಿರೀಟದ ನೆತ್ತಿ ಚಪ್ಪಟೆಯಾಗಿದೆ, ನಾಲ್ಕನೇ ಬಹ್ರಾಮನದರಲ್ಲಿ ರೆಕ್ಕೆಯೂ ಕೋಟೆ ತೆನೆಯೂ ಕೂಡಿವೆ.

ಐದನೇ ಶತಮಾನದಲ್ಲಿ ಕಿರೀಟಗಳು ಹತ್ತಿರಹತ್ತಿರ ಬಂದು, ಅರ್ಧಚಂದ್ರ ಮತ್ತು ಗೋಳ ಎಲ್ಲರಿಗೂ ಸಾಮಾನ್ಯವಾಗುತ್ತವೆ. ಆಗ ಕಿರೀಟದ ಜೊತೆಗೆ ಇತರ ಗುರುತುಗಳನ್ನೂ ಹುಡುಕಬೇಕು. ಪೆರೋಜನ ಕಡೆಯ ಕಿರೀಟದಲ್ಲಿ ಎರಡು ರೆಕ್ಕೆಗಳು ಮೇಲಕ್ಕೆ ಚಾಚಿವೆ. ಬಲಾಶನ ಎಡ ಭುಜದಿಂದ ಜ್ವಾಲೆ ಏಳುತ್ತದೆ. ಜಾಮಾಸ್ಪನ ನಾಣ್ಯದಲ್ಲಿ ದೊರೆಯ ಮುಖದ ಮುಂದೆ ಪುಟ್ಟ ಆಕೃತಿಯೊಂದು ಪಟ್ಟಿಯುಳ್ಳ ಹಾರವನ್ನು ನೀಡುತ್ತಿರುತ್ತದೆ. ಅವನು ಆಳಿದ್ದು ಅಣ್ಣ ಕವಾದನು ಪಟ್ಟ ಕಳೆದುಕೊಂಡಿದ್ದ ಎರಡು ಮೂರು ವರ್ಷ ಮಾತ್ರ. ಕವಾದ್ ಮತ್ತು ಅವನ ಮಗ ಒಂದನೇ ಖುಸ್ರೋ ಇವರ ನಾಣ್ಯಗಳ ಅಂಚಿನಲ್ಲಿ ಗಡಿಯಾರದ 3, 6, 9 ಗಂಟೆಗಳ ಜಾಗದಲ್ಲಿ ಬರಿಯ ಅರ್ಧಚಂದ್ರಗಳಿರುತ್ತವೆ. ನಾಲ್ಕನೇ ಹೊರ್ಮಿಜ್ದನ ಕಾಲಕ್ಕೆ ಆ ಚಂದ್ರನೊಳಗೆ ನಕ್ಷತ್ರ ಸೇರುತ್ತದೆ.

ಎಲ್ಲರಿಗಿಂತ ಹೆಚ್ಚಾಗಿ ನಿಮ್ಮ ಕೈಗೆ ಬರುವುದು ಎರಡನೇ ಖುಸ್ರೋನ ನಾಣ್ಯ. 590ರಲ್ಲಿ ಪಟ್ಟಕ್ಕೆ ಬಂದು, ದಂಗೆಯೆದ್ದ ಸೇನಾಪತಿ ಬಹ್ರಾಮ್ ಚೋಬೀನನಿಂದ ಓಡಿಸಲ್ಪಟ್ಟು, ಬೈಜಾಂಟಿಯನ್ ಚಕ್ರವರ್ತಿಯ ನೆರವಿನಿಂದ ಮರಳಿ ಬಂದು 628ರವರೆಗೆ ಆಳಿದ ಈತನು ಯುದ್ಧದ ಖರ್ಚಿಗಾಗಿ ಅಪಾರ ಪ್ರಮಾಣದಲ್ಲಿ ಬೆಳ್ಳಿಯನ್ನು ಟಂಕಿಸಿದ. ಎರಡನೇ ವರ್ಷದಿಂದ ಅವನ ಕಿರೀಟದಲ್ಲಿ ಎರಡು ದೊಡ್ಡ ರೆಕ್ಕೆಗಳೂ ಅವುಗಳ ನಡುವೆ ಚಂದ್ರ–ನಕ್ಷತ್ರವೂ ಇವೆ. ಬಾದಾಮಿಯ ಇಮ್ಮಡಿ ಪುಲಕೇಶಿ ಇವನ ಸಮಕಾಲೀನ. ಭಾರತದ ದೊರೆಯೊಬ್ಬನಿಂದ ಖುಸ್ರೋನ ಆಸ್ಥಾನಕ್ಕೆ ಓಲೆಯೂ ಕಾಣಿಕೆಯೂ ಬಂದವೆಂದು ಅರಬ್ಬಿಯಲ್ಲಿ ಬರೆದ ಪರ್ಷಿಯನ್ ಇತಿಹಾಸಕಾರ ತಬರಿ ಹೇಳಿದ್ದು, ಆ ದೊರೆ ಪುಲಕೇಶಿಯೇ ಎಂದು ಹಲವು ವಿದ್ವಾಂಸರು ಗುರುತಿಸಿದ್ದಾರೆ.

ಹರಾಜು ಪಟ್ಟಿಗಳಲ್ಲಿ ದೊರೆಯ ಹೆಸರಿನ ಮುಂದೆ ಕಾಣುವ ಗೋಬ್ಲ್ ಸಂಖ್ಯೆಯು ಆಸ್ಟ್ರಿಯಾದ ನಾಣ್ಯಶಾಸ್ತ್ರಜ್ಞ ರಾಬರ್ಟ್ ಗೋಬ್ಲ್ ಮಾಡಿದ ವರ್ಗೀಕರಣವನ್ನು ಸೂಚಿಸುತ್ತದೆ. ಅದರಲ್ಲಿ ಮುಂಭಾಗದ ನಮೂನೆಗೆ ಒಂದು, ಹಿಂಭಾಗದ ನಮೂನೆಗೆ ಒಂದು ಅಂಕಿಯಿರುತ್ತದೆ. ನಿಮ್ಮ ನಾಣ್ಯಕ್ಕೆ ಆ ಸಂಖ್ಯೆಯನ್ನು ನೀವೇ ಹಚ್ಚಬಲ್ಲಿರಾದರೆ ಎರಡನೇ ಹಂತವನ್ನು ಕಲಿತಂತೆ.

ಮೂರನೇ ಹಂತ: ಅಗ್ನಿವೇದಿಕೆಯ ಬದಿ

ಹಿಂಭಾಗದಲ್ಲಿ ಜರತುಷ್ಟ್ರ ಧರ್ಮದ ಪವಿತ್ರ ಅಗ್ನಿ ಉರಿಯುತ್ತಿರುತ್ತದೆ. ಒಂದನೇ ಅರ್ದಶೀರನ ನಾಣ್ಯದಲ್ಲಿ ವೇದಿಕೆ ಒಂಟಿಯಾಗಿದೆ, ಅಕ್ಕಪಕ್ಕ ಯಾರೂ ಇಲ್ಲ. ಅವನ ಮಗ ಒಂದನೇ ಶಾಪೂರನಿಂದ ಇಬ್ಬರು ಕಾವಲಿನವರು ಸೇರಿಕೊಂಡು ಕೊನೆಯವರೆಗೂ ಉಳಿಯುತ್ತಾರೆ. ನಾಲ್ಕನೇ ಶತಮಾನದ ಕೆಲವು ನಾಣ್ಯಗಳಲ್ಲಿ ಜ್ವಾಲೆಯ ನಡುವೆ ಒಂದು ತಲೆ ಮೂಡಿರುವುದನ್ನೂ, ವೇದಿಕೆಯ ಕಂಬದ ಮೇಲೆ ‘ರಾಸ್ತ್’ (ಸರಿ, ಸತ್ಯ) ಎಂಬ ಬರಹವನ್ನೂ ಕಾಣಬಹುದು. ಆರನೇ ಶತಮಾನಕ್ಕೆ ಬಂದರೆ ಜ್ವಾಲೆಯ ಒಂದು ಪಕ್ಕ ನಕ್ಷತ್ರ, ಇನ್ನೊಂದು ಪಕ್ಕ ಅರ್ಧಚಂದ್ರ ಇರುತ್ತವೆ ಮತ್ತು ಕಾವಲಿನವರು ನೇರವಾಗಿ ನಮ್ಮತ್ತ ನೋಡುತ್ತ ಗೆರೆಗಳಷ್ಟೇ ಆಗಿ ಸರಳಗೊಂಡಿರುತ್ತಾರೆ.

ಇಲ್ಲಿ ಇನ್ನೊಂದನ್ನು ಗಮನಿಸಬೇಕು. ನಾಣ್ಯವನ್ನು ಪುಟ ಮಗುಚುವ ಹಾಗೆ ಮಗುಚಿದಾಗ ಹಿಂಭಾಗದ ಚಿತ್ರ ನೆಟ್ಟಗೆ ನಿಲ್ಲದೆ ಸಾಮಾನ್ಯವಾಗಿ ಕಾಲು ಸುತ್ತು ತಿರುಗಿ ಮಲಗಿರುತ್ತದೆ. ಅಂದರೆ ಎರಡು ಅಚ್ಚುಗಳ ನಡುವಣ ಕೋನ ಗಡಿಯಾರದ 3 ಗಂಟೆ ಅಥವಾ 9 ಗಂಟೆಯಷ್ಟು. ಇದು ಟಂಕಸಾಲೆಗಳ ರೂಢಿಯಾಗಿದ್ದುದರಿಂದ, ಕೊನೆಯ ಕಾಲದ ನಾಣ್ಯವೊಂದು ಇದಕ್ಕೆ ಹೊರತಾಗಿದ್ದರೆ ಉಳಿದ ಪರೀಕ್ಷೆಗಳನ್ನು ಇನ್ನಷ್ಟು ಬಿಗಿಯಾಗಿ ಮಾಡಬೇಕು.

ನಾಲ್ಕನೇ ಹಂತ: ಪಹ್ಲವಿ ಬರಹವನ್ನು ಓದುವುದು

ಸಸಾನಿಯನ್ನರ ಕಾಲದ ಪರ್ಷಿಯನ್ ಭಾಷೆಯನ್ನು ಬರೆಯುತ್ತಿದ್ದ ಪಹ್ಲವಿ ಲಿಪಿಯನ್ನು ಬಲದಿಂದ ಎಡಕ್ಕೆ ಓದಬೇಕು. ಅದರ ತೊಡಕು ಎಂದರೆ ಒಂದೇ ಆಕಾರ ಹಲವು ಅಕ್ಷರಗಳಿಗೆ ನಿಲ್ಲುತ್ತದೆ: ವ, ನ, ರ ಮೂರಕ್ಕೂ ಒಂದೇ ಗೆರೆಯಿರಬಹುದು, ಗ, ದ, ಯ ಒಂದನ್ನೊಂದು ಹೋಲುತ್ತವೆ. ಇದರಿಂದ ಹೆದರಬೇಕಾಗಿಲ್ಲ, ಏಕೆಂದರೆ ನಾಣ್ಯದ ಮೇಲೆ ಬರುವ ಪದಗಳು ಬೆರಳೆಣಿಕೆಯಷ್ಟು ಮತ್ತು ಅವು ನಿಗದಿಯಾದ ಜಾಗದಲ್ಲೇ ಬರುತ್ತವೆ. ಅಕ್ಷರಮಾಲೆಯನ್ನು ಬಾಯಿಪಾಠ ಮಾಡುವುದಕ್ಕಿಂತ ಪದಗಳ ಆಕಾರವನ್ನು ಇಡಿಯಾಗಿ ಕಣ್ಣಿಗೆ ರೂಢಿಸಿಕೊಳ್ಳುವುದು ಬೇಗ ಫಲ ಕೊಡುತ್ತದೆ.

ಮೂರು, ನಾಲ್ಕನೇ ಶತಮಾನದ ನಾಣ್ಯಗಳಲ್ಲಿ ಬರಹ ಉದ್ದ. ಮಜ್ದಾನನ್ನು (ಜರತುಷ್ಟ್ರ ಧರ್ಮದ ಪರಮದೈವ) ಪೂಜಿಸುವ ದೈವಸ್ವರೂಪನು ಇಂಥವನು, ಇರಾನಿನ ರಾಜಾಧಿರಾಜನು, ದೇವರುಗಳಿಂದ ಹುಟ್ಟಿಬಂದವನು ಎಂಬ ಅರ್ಥದ ಸಾಲು ಅಂಚಿನ ಸುತ್ತ ಹರಿಯುತ್ತದೆ. ಹಿಂಭಾಗದಲ್ಲಿ ‘ಇಂಥ ದೊರೆಯ ಅಗ್ನಿ’ ಎಂದಿರುತ್ತದೆ. ಐದನೇ ಶತಮಾನದಿಂದ ಬರಹ ಮೊಟಕಾಗಿ, ಕೊನೆಯ ಕಾಲದಲ್ಲಿ ದೊರೆಯ ಹೆಸರು ಮತ್ತು ಒಂದು ಹಾರೈಕೆ ಮಾತ್ರ ಉಳಿಯುತ್ತವೆ. ಅದಕ್ಕೆ ಬದಲಾಗಿ ಸಂಗ್ರಾಹಕನಿಗೆ ಇನ್ನೂ ಹೆಚ್ಚಿನ ಲಾಭವಾಗುತ್ತದೆ: ನಾಲ್ಕನೇ ಶತಮಾನದ ಕೊನೆಯಿಂದ ಟಂಕಸಾಲೆಯ ಸಂಕ್ಷಿಪ್ತ ಗುರುತು ಹಿಂಭಾಗದಲ್ಲಿ ಬರತೊಡಗುತ್ತದೆ, ಕವಾದನ ಎರಡನೇ ಆಳ್ವಿಕೆಯಿಂದ ಆಳ್ವಿಕೆಯ ವರ್ಷವೂ ತಪ್ಪದೆ ಸೇರುತ್ತದೆ. ವೇದಿಕೆಯ ಎಡಕ್ಕೆ ವರ್ಷ, ಬಲಕ್ಕೆ ಟಂಕಸಾಲೆ ಎಂಬ ಕ್ರಮ ಕೊನೆಯವರೆಗೂ ಬದಲಾಗುವುದಿಲ್ಲ.

ಎರಡನೇ ಖುಸ್ರೋನ ಒಂದು ನಾಣ್ಯವನ್ನು ಎದುರಿಗಿಟ್ಟುಕೊಂಡು ಓದಿನೋಡೋಣ. ಮುಂಭಾಗವನ್ನು ದೊರೆಯ ಮುಖ ಬಲಕ್ಕಿರುವಂತೆ ಹಿಡಿಯಿರಿ. ಮೂಗಿನ ಮುಂದೆ, ಬಲ ಅಂಚಿಗೆ ಸೇರಿದಂತೆ ಇರುವ ಪದವೇ ‘ಖುಸ್ರೋ’. ಈಗ ತಲೆಯ ಹಿಂದೆ, ಎಡಭಾಗಕ್ಕೆ ಬನ್ನಿ. ಅಲ್ಲಿ ಎರಡು ಪದಗಳಿವೆ. ಮೊದಲನೆಯದು ಅರಮಾಯಿಕ್ ಪದವಾಗಿ ಬರೆದು ಪರ್ಷಿಯನ್ನಿನಲ್ಲಿ ‘ಖ್ವರ್ರಹ್’ ಎಂದು ಓದುತ್ತಿದ್ದ ಪದ, ಎರಡನೆಯದು ‘ಅಬ್ಜೂದ್’. ರಾಜತೇಜಸ್ಸು ವೃದ್ಧಿಸಿತು ಎಂದು ಅವುಗಳ ತಾತ್ಪರ್ಯ. ಚುಕ್ಕಿಗಳ ವೃತ್ತದ ಹೊರಗೆ 3, 6, 9 ಗಂಟೆಗಳ ಜಾಗದಲ್ಲಿ ಚಂದ್ರನೊಳಗಿನ ನಕ್ಷತ್ರಗಳಿವೆಯೇ ನೋಡಿಕೊಳ್ಳಿ. ಹಿಂಭಾಗದಲ್ಲಿ ಅವು 12 ಗಂಟೆಯ ಜಾಗವೂ ಸೇರಿ ನಾಲ್ಕು ಕಡೆ ಇರಬೇಕು.

ನಾಣ್ಯವನ್ನು ಮಗುಚಿ, ವೇದಿಕೆ ನೆಟ್ಟಗೆ ನಿಲ್ಲುವಂತೆ ತಿರುಗಿಸಿಕೊಳ್ಳಿ. ಎಡಗಡೆಯ ಕಾವಲಿನವನ ಆಚೆಗಿರುವ ಪದದಲ್ಲಿ ‘ಸೀಹ್’ ಎಂಬ ಭಾಗ ಕಂಡರೆ ಅದು ಮೂವತ್ತರ ಗುಂಪು. ‘ವೀಸ್ತ್’ ಕಂಡರೆ ಇಪ್ಪತ್ತರ ಗುಂಪು. ಹನ್ನೊಂದರಿಂದ ಹತ್ತೊಂಬತ್ತರವರೆಗಿನ ಸಂಖ್ಯೆಗಳು ‘ದಹ್’ ಎಂದು ಮುಗಿಯುತ್ತವೆ. ಎರಡರಿಂದ ಹತ್ತರವರೆಗಿನ ಸಂಖ್ಯೆಗಳನ್ನು ಮಾತ್ರ ಅರಮಾಯಿಕ್ ರೂಪದಲ್ಲಿ ಬರೆಯುತ್ತಿದ್ದುದರಿಂದ ಅವನ್ನು ಬೇರೆಯಾಗಿ ಕಲಿಯಬೇಕು. ನಮ್ಮ ಮಾದರಿ ನಾಣ್ಯದಲ್ಲಿ ‘ಸೀಹ್’ ಜೊತೆಗೆ ಒಂದರ ಗುರುತಿದ್ದರೆ ಅದು 31ನೇ ವರ್ಷ, ಅಂದರೆ 620–621. ಬಲಗಡೆ ಎರಡೇ ಅಕ್ಷರ: ಲ, ದ. ಇದು ಇಂದಿನ ಟೆಹರಾನಿನ ದಕ್ಷಿಣಕ್ಕಿದ್ದ ರಯ್ ಪಟ್ಟಣದ ಗುರುತು. ಖುಸ್ರೋನ ಸೇನೆ ಜೆರುಸಲೇಮನ್ನು 614ರಲ್ಲಿ ಗೆದ್ದು, ಈಜಿಪ್ಟನ್ನೂ ವಶಪಡಿಸಿಕೊಂಡು ಸಾಮ್ರಾಜ್ಯ ಎಂದೂ ಇಲ್ಲದಷ್ಟು ಹಿಗ್ಗಿದ್ದ ಹೊತ್ತಿನಲ್ಲಿ ರಯ್ ಪಟ್ಟಣದ ಅಕ್ಕಸಾಲಿಯೊಬ್ಬ ಸುತ್ತಿಗೆಯೆತ್ತಿ ಹೊಡೆದ ನಾಣ್ಯ ಇದು ಎಂದು ತಿಳಿಯಲು ನಿಮಗೆ ಬೇಕಾದದ್ದು ಇಷ್ಟೇ ಓದು.

ಟಂಕಸಾಲೆಯ ಗುರುತುಗಳಲ್ಲಿ ಮೊದಲು ಕಲಿಯಬೇಕಾದವು ಸ್ತಖ್ರ್ ಪಟ್ಟಣದ ‘ಸ್ತ್’, ಬೀಶಾಪೂರದ ‘ಬೀಶ್’, ಅರ್ದಶೀರ್ ಖ್ವರ್ರಹದ ‘ಅರ್ತ್’, ದಾರಾಬ್‌ಗಿರ್ದದ ‘ದಾ’ ಮತ್ತು ಹಮದಾನದ ‘ಅಹ್ಮ್’. ಎಲ್ಲ ಗುರುತುಗಳೂ ಬಗೆಹರಿದಿಲ್ಲ; ಕೆಲವು ಯಾವ ಊರಿನವು ಎಂಬುದರ ಬಗ್ಗೆ ವಿದ್ವಾಂಸರಲ್ಲಿ ಇಂದಿಗೂ ಚರ್ಚೆಯಿದೆ. ಆದ್ದರಿಂದ ಮಾರುವವನ ಚೀಟಿಯಲ್ಲಿ ಊರಿನ ಹೆಸರಿದ್ದರೂ ನಿಮ್ಮ ದಾಖಲೆಯಲ್ಲಿ ಅಕ್ಷರಗಳನ್ನೇ ಬರೆದುಕೊಳ್ಳಿ, ಊರನ್ನು ಅದರ ಪಕ್ಕದಲ್ಲಿ ಬೇರೆಯಾಗಿ ನಮೂದಿಸಿ.

ಐದನೇ ಹಂತ: ಹೋಲುವ ನಾಣ್ಯಗಳನ್ನು ಬೇರ್ಪಡಿಸುವುದು

ವಂಶ ಅಳಿದರೂ ಅದರ ನಾಣ್ಯ ಅಳಿಯಲಿಲ್ಲ. ಇರಾನನ್ನು ಗೆದ್ದ ಅರಬ್ ಅಧಿಕಾರಿಗಳು ಖುಸ್ರೋನ ಮತ್ತು ಯಜ್ದಗಿರ್ದನ ನಮೂನೆಯಲ್ಲೇ ಸುಮಾರು ಅರ್ಧ ಶತಮಾನ ಟಂಕಿಸುತ್ತ ಹೋದರು. ಉಮಯ್ಯದ್ ಖಲೀಫ ಅಬ್ದುಲ್ ಮಲಿಕನು 690ರ ದಶಕದ ಕೊನೆಯಲ್ಲಿ ಚಿತ್ರವಿಲ್ಲದ, ಬರಹ ಮಾತ್ರವಿರುವ ನಾಣ್ಯವನ್ನು ತಂದ ಮೇಲೆ ಅದು ಹಿಂದೆ ಸರಿಯಿತು. ಈ ಅರಬ್–ಸಸಾನಿಯನ್ ನಾಣ್ಯವನ್ನು ಗುರುತಿಸಲು ಮುಂಭಾಗದ ಅಂಚಿನಲ್ಲಿ, 3 ಮತ್ತು 6 ಗಂಟೆಗಳ ನಡುವೆ ‘ಬಿಸ್ಮಿಲ್ಲಾಹ್’ ಎಂಬ ಅರಬ್ಬಿ ಬರಹವಿದೆಯೇ ಎಂದು ನೋಡಬೇಕು. ಜಿಯಾದ್ ಇಬ್ನ್ ಅಬಿ ಸುಫ್ಯಾನನಂತಹ ರಾಜ್ಯಪಾಲರ ಹೆಸರು ದೊರೆಯ ಹೆಸರಿನ ಜಾಗದಲ್ಲಿ, ಪಹ್ಲವಿ ಲಿಪಿಯಲ್ಲೇ ಬಂದಿರುವುದೂ ಉಂಟು. ಹೊಸ ಆಳುವವನ ಹೆಸರು ಹಳೆಯ ದೊರೆಯ ಕಿರೀಟದ ಕೆಳಗೆ ನಿಂತಿರುವ ಈ ನಾಣ್ಯಗಳು ಬರಿಯ ಕುತೂಹಲದ ವಸ್ತುಗಳಲ್ಲ. ಅಧಿಕಾರ ಕೈ ಬದಲಾದರೂ ಗುಮಾಸ್ತರು, ಅಚ್ಚು ಕೊರೆಯುವವರು, ಸಂತೆಯ ಜನ ಹಳೆಯದನ್ನೇ ನಂಬಿದ್ದರು ಎಂಬುದಕ್ಕೆ ಇವು ನೇರ ಸಾಕ್ಷಿ.

ಕ್ಯಾಸ್ಪಿಯನ್ ಸಮುದ್ರದ ದಕ್ಷಿಣ ತೀರದ ತಬರಿಸ್ತಾನದಲ್ಲಿ ಈ ನಮೂನೆ ಎಂಟನೇ ಶತಮಾನದ ಕೊನೆಯವರೆಗೂ ನಡೆಯಿತು. ಅಲ್ಲಿನ ನಾಣ್ಯ ಅರ್ಧ ದ್ರಾಕ್ಮಾ, ತೂಕ ಸುಮಾರು 2 ಗ್ರಾಂ. ತಕ್ಕಡಿಯೇ ಅದನ್ನು ಬೇರ್ಪಡಿಸುತ್ತದೆ. ಅದರ ಮೇಲಿನ ವರ್ಷಗಳನ್ನು ಯಜ್ದಗಿರ್ದನ ಮರಣದ ನಂತರದ ಶಕೆಯಲ್ಲಿ ಎಣಿಸಿದ್ದಾರೆ.

ಪೂರ್ವದಲ್ಲಿ ಕಥೆ ಬೇರೆ. ಪೆರೋಜನು ಮಧ್ಯ ಏಷ್ಯಾದ ಹೆಫ್ತಲೈಟರೆಂಬ ಜನರ ಕೈಗೆ ಸಿಕ್ಕಿಬಿದ್ದು ಬಿಡುಗಡೆಗಾಗಿ ಹೇಸರಗತ್ತೆಗಳ ಮೇಲೆ ಬೆಳ್ಳಿ ನಾಣ್ಯಗಳ ಹೊರೆ ಕಳುಹಿಸಬೇಕಾಯಿತು, ಹಣ ಸಾಲದೆ ಮಗ ಕವಾದನನ್ನು ಒತ್ತೆಯಿಟ್ಟನು. 484ರಲ್ಲಿ ಅವರ ಮೇಲೆಯೇ ಮತ್ತೆ ದಂಡೆತ್ತಿ ಹೋಗಿ ಸತ್ತನು. ಹೀಗೆ ಪೂರ್ವಕ್ಕೆ ಹರಿದ ಪೆರೋಜನ ನಾಣ್ಯ ಅಲ್ಲಿನ ಚಲಾವಣೆಯಾಗಿ, ಅದನ್ನು ನೋಡಿ ಹೆಫ್ತಲೈಟರೂ ಹೂಣರೂ ತಮ್ಮ ನಾಣ್ಯಗಳನ್ನು ಟಂಕಿಸಿದರು. ರಾಜಸ್ಥಾನ, ಗುಜರಾತ್, ಮಾಳವಗಳಲ್ಲಿ ಆ ಮಾದರಿಯನ್ನು ಶತಮಾನಗಳ ಕಾಲ ನಕಲು ಮಾಡುತ್ತ ಹೋದಂತೆ ದೊರೆಯ ಮುಖ ಕೆಲವು ಗೆರೆಗಳಾಗಿ, ಅಗ್ನಿವೇದಿಕೆ ಚುಕ್ಕಿಗಳ ಸಾಲಾಗಿ ಕರಗಿದ್ದೇ ಗಧೈಯಾ ನಾಣ್ಯ. ಪ್ರತೀಹಾರ ಭೋಜನ ಆದಿವರಾಹ ನಾಣ್ಯದ ಹಿಂಭಾಗದಲ್ಲೂ ಆ ವೇದಿಕೆಯ ಅವಶೇಷ ಕಾಣುತ್ತದೆ. ಭಾರತದ ಸಂತೆಗಳಲ್ಲಿ ‘ಸಸಾನಿಯನ್’ ಎಂಬ ಚೀಟಿ ಹಚ್ಚಿ ಮಾರುವುದು ಹೆಚ್ಚಾಗಿ ಇವನ್ನೇ. ಬಿಲ್ಲೆ ಚಿಕ್ಕದಾಗಿ, ದಪ್ಪವಾಗಿ, ಬೆಳ್ಳಿ ಮಂಕಾಗಿ, ಪಹ್ಲವಿ ಬರಹ ಇಲ್ಲವಾಗಿದ್ದರೆ ಅದು ಪರ್ಷಿಯಾದ ಟಂಕಸಾಲೆಯಿಂದ ಬಂದದ್ದಲ್ಲ.

ಆರನೇ ಹಂತ: ಖೋಟಾ ನಾಣ್ಯವನ್ನು ಹಿಡಿಯುವುದು

ಟಂಕಿಸಿದ ನಾಣ್ಯಕ್ಕೂ ಅಚ್ಚಿಗೆ ಹೊಯ್ದ ನಾಣ್ಯಕ್ಕೂ ಇರುವ ವ್ಯತ್ಯಾಸವೇ ಮುಖ್ಯ ಪರೀಕ್ಷೆ. ಸುತ್ತಿಗೆಯ ಏಟಿಗೆ ಬೆಳ್ಳಿ ನಡುವಿನಿಂದ ಅಂಚಿನತ್ತ ಹರಿಯುವುದರಿಂದ ಭೂತಗನ್ನಡಿಯಲ್ಲಿ ಅಕ್ಷರಗಳ ಸುತ್ತ ಸಣ್ಣ ಹರಿವಿನ ಗೆರೆಗಳು ಕಾಣುತ್ತವೆ, ಅಂಚಿನಲ್ಲಿ ಸೀಳುಗಳಿರುತ್ತವೆ, ಅಕ್ಷರದ ಬದಿಗಳು ಚೂಪಾಗಿರುತ್ತವೆ. ಹೊಯ್ದ ನಾಣ್ಯದಲ್ಲಿ ಮೈಯೆಲ್ಲ ಸೂಜಿಮೊನೆಯಂತಹ ಗುಳಿಗಳು, ಸೋಪಿನಂತೆ ನುಣುಪಾದ ಅಕ್ಷರಗಳು, ಅಂಚಿನ ಸುತ್ತ ಅರದಿಂದ ಉಜ್ಜಿದ ಜೋಡಣೆಯ ಗೆರೆ ಕಂಡುಬರುತ್ತವೆ.

ಸಸಾನಿಯನ್ ನಾಣ್ಯಕ್ಕೇ ವಿಶಿಷ್ಟವಾದ ಇನ್ನೊಂದು ಲಕ್ಷಣವಿದೆ. ಬಿಲ್ಲೆ ತೀರಾ ತೆಳುವಾದ್ದರಿಂದ, ಒಂದು ಬದಿಯಲ್ಲಿ ಉಬ್ಬಿದ ಚಿತ್ರಕ್ಕೆ ಬೆಳ್ಳಿ ಹೋಗಿಬಿಟ್ಟರೆ ಅದರ ಬೆನ್ನಿಗೆ ಇನ್ನೊಂದು ಬದಿಯಲ್ಲಿ ತುಂಬಲು ಲೋಹ ಸಾಲುವುದಿಲ್ಲ. ಹೀಗಾಗಿ ಅಸಲಿ ನಾಣ್ಯದಲ್ಲಿ ಒಂದು ಬದಿಯ ಚಿತ್ರದ ನೆರಳು ಇನ್ನೊಂದು ಬದಿಯಲ್ಲಿ ಮಸುಕಾಗಿ ಮೂಡುವುದೂ, ಕೆಲವು ಜಾಗ ಚಪ್ಪಟೆಯಾಗಿ ಉಳಿಯುವುದೂ ಸಹಜ. ಇದನ್ನು ದೋಷವೆಂದು ಎಣಿಸಿ, ಎಲ್ಲೆಡೆ ಸಮನಾಗಿ ಮೂಡಿದ ‘ಚೆಂದದ’ ನಾಣ್ಯವನ್ನು ಆರಿಸುವ ಹೊಸಬರು ಖೋಟಾ ನಾಣ್ಯವನ್ನೇ ಆರಿಸಿಕೊಳ್ಳುವ ಸಂಭವ ಹೆಚ್ಚು.

ಲೋಹದ ಬಗ್ಗೆ ಸಂದೇಹವಿದ್ದರೆ ಸಾಪೇಕ್ಷ ಸಾಂದ್ರತೆಯನ್ನು ಅಳೆಯಬಹುದು. ನಾಣ್ಯವನ್ನು ಮೊದಲು ಹಾಗೆಯೇ ತೂಗಿ, ನಂತರ ಸಣ್ಣ ದಾರದಲ್ಲಿ ಕಟ್ಟಿ, ತಕ್ಕಡಿಯ ಮೇಲಿಟ್ಟ ನೀರಿನ ಲೋಟದಲ್ಲಿ ತಳ ಮುಟ್ಟದಂತೆ ಪೂರ್ತಿ ಮುಳುಗಿಸಿ ಹಿಡಿದರೆ ತಕ್ಕಡಿಯಲ್ಲಿ ಏರುವ ಅಂಕಿಯೇ ನಾಣ್ಯ ಸರಿಸಿದ ನೀರಿನ ತೂಕ. ಮೊದಲ ತೂಕವನ್ನು ಇದರಿಂದ ಭಾಗಿಸಬೇಕು. ಶುದ್ಧ ಬೆಳ್ಳಿಗೆ ಬರುವ ಉತ್ತರ 10.49. ಉದಾಹರಣೆಗೆ 4.10 ಗ್ರಾಮಿನ ನಾಣ್ಯ ಸುಮಾರು 0.39 ಗ್ರಾಂ ನೀರನ್ನು ಸರಿಸಬೇಕು. ಅದು ತಾಮ್ರದ್ದಾಗಿ ಮೇಲೆ ಬೆಳ್ಳಿಯ ಲೇಪವಿದ್ದರೆ 0.46ರ ಹತ್ತಿರ ಸರಿಸುತ್ತದೆ. ನೂರನೇ ಒಂದು ಗ್ರಾಮಿನ ತಪ್ಪೂ ಉತ್ತರವನ್ನು ಕಾಲು ಅಂಶದಷ್ಟು ಅಲುಗಿಸುವುದರಿಂದ ಈ ಪರೀಕ್ಷೆಗೆ ಗ್ರಾಮಿನ ಸಾವಿರನೇ ಒಂದು ಭಾಗ ತೋರಿಸುವ ತಕ್ಕಡಿ ಬೇಕು, ನಾಣ್ಯಕ್ಕೆ ಅಂಟಿದ ಗಾಳಿಗುಳ್ಳೆಗಳನ್ನೂ ಬಿಡಿಸಿಕೊಳ್ಳಬೇಕು. ಬಿರುಕಿರುವ ನಾಣ್ಯವನ್ನು ನೀರಿಗೆ ಇಳಿಸಬಾರದು. ಇಷ್ಟಾದರೂ ಈ ಪರೀಕ್ಷೆ ಲೋಹವನ್ನಷ್ಟೇ ಹೇಳುತ್ತದೆ. ನಿಜವಾದ ಬೆಳ್ಳಿಯಲ್ಲಿ ಮಾಡಿದ ಆಧುನಿಕ ಖೋಟಾವನ್ನು ಹಿಡಿಯಲು ಶೈಲಿ ಮತ್ತು ಬರಹಗಳ ಪರಿಚಯವೇ ದಾರಿ. ಬರಹದಲ್ಲಿ ಒಬ್ಬ ದೊರೆ, ಕಿರೀಟದಲ್ಲಿ ಇನ್ನೊಬ್ಬ ದೊರೆ ಇದ್ದರೆ, ಅಥವಾ ಒಬ್ಬನೇ ಮಾರುವವನ ಬಳಿ ಒಂದೇ ಗೀರು, ಒಂದೇ ಸೀಳು ಇರುವ ಎರಡು ನಾಣ್ಯಗಳು ಕಂಡರೆ ಅಲ್ಲಿಂದ ಎದ್ದುಬರುವುದು ಕ್ಷೇಮ. ಎರಡನೇ ಖುಸ್ರೋನ ಮಗಳಾದ ರಾಣಿ ಬೋರಾನಳ ನಾಣ್ಯಗಳಂತಹ ವಿರಳವಾದವುಗಳಲ್ಲಿ ಈ ಎಚ್ಚರ ಇಮ್ಮಡಿಯಾಗಬೇಕು.

ಏಳನೇ ಹಂತ: ಕೊಳ್ಳುವುದು ಮತ್ತು ಕಾನೂನು

ಮೊದಲ ನಾಣ್ಯವಾಗಿ ಎರಡನೇ ಖುಸ್ರೋನ ದ್ರಾಕ್ಮಾವನ್ನೇ ಕೊಳ್ಳಿ. ಅದು ಹೇರಳವಾಗಿರುವುದರಿಂದ ಬೆಲೆ ಇತರರದಕ್ಕಿಂತ ಕಡಿಮೆ, ವರ್ಷ ಮತ್ತು ಟಂಕಸಾಲೆ ಓದಿ ಅಭ್ಯಾಸ ಮಾಡಲು ಅನುಕೂಲ. ಹೊಳಪಿಗಿಂತ ಬರಹ ಸ್ಪಷ್ಟವಾಗಿರುವುದನ್ನು ನೋಡಿ ಆರಿಸಬೇಕು. ನಂತರ ಪೆರೋಜ್, ಒಂದನೇ ಖುಸ್ರೋ, ಎರಡನೇ ಶಾಪೂರ್ ಎಂದು ಮುಂದುವರಿಯಬಹುದು. ದೊರೆಗೊಂದರಂತೆ ಕೂಡಿಸುವುದು ಒಂದು ಬಗೆ. ಒಬ್ಬನೇ ದೊರೆಯ ಬೇರೆ ಬೇರೆ ಟಂಕಸಾಲೆಗಳನ್ನು ಕೂಡಿಸುವುದು ಇನ್ನೊಂದು. ಎರಡನೆಯದು ಕಡಿಮೆ ಖರ್ಚಿನಲ್ಲಿ ಹೆಚ್ಚು ಕಲಿಸುತ್ತದೆ ಎಂಬುದು ನನ್ನ ಎಣಿಕೆ.

ನಾಣ್ಯ ಎಲ್ಲಿಂದ ಬಂತು ಎಂಬ ಪ್ರಶ್ನೆಯನ್ನು ಕೇಳದೆ ಹಣ ಕೊಡಬಾರದು. ಇರಾನ್ 1930ರಲ್ಲೇ ಪ್ರಾಚೀನ ವಸ್ತುಗಳ ಕಾನೂನನ್ನು ಮಾಡಿದೆ. ಅಫ್ಘಾನಿಸ್ತಾನದಲ್ಲಿ ದಶಕಗಳ ಯುದ್ಧದ ನಡುವೆ ನೆಲೆಗಳನ್ನು ಅಗೆದು ಲೂಟಿ ಮಾಡಲಾಗಿದೆ. ನೆಲದಿಂದ ಕದ್ದ ನಾಣ್ಯ ತನ್ನ ಜೊತೆಗಿದ್ದ ನಿಧಿಯಿಂದ, ಮಣ್ಣಿನ ಪದರದಿಂದ ಬೇರ್ಪಟ್ಟಾಗ ಅದು ಹೇಳಬಹುದಾಗಿದ್ದ ಇತಿಹಾಸ ಎಂದೆಂದಿಗೂ ಹೋಗಿಬಿಡುತ್ತದೆ. ಹಳೆಯ ಹರಾಜಿನ ಪಟ್ಟಿ, ಹಿಂದಿನ ಸಂಗ್ರಾಹಕರ ಚೀಟಿ, ದಿನಾಂಕವಿರುವ ರಸೀದಿ ಇವುಗಳಲ್ಲಿ ಒಂದಾದರೂ ಇರುವ ನಾಣ್ಯಕ್ಕೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಭಾರತದಲ್ಲಿರುವವರು 1972ರ ಪ್ರಾಚೀನ ವಸ್ತುಗಳು ಮತ್ತು ಕಲಾನಿಧಿಗಳ ಕಾಯ್ದೆಯನ್ನು ತಿಳಿದಿರಬೇಕು. ನೂರು ವರ್ಷಕ್ಕೆ ಕಡಿಮೆಯಿಲ್ಲದ ನಾಣ್ಯ ಆ ಕಾಯ್ದೆಯ ಪ್ರಕಾರ ಪ್ರಾಚೀನ ವಸ್ತು. ಅದರ ವ್ಯಾಪಾರ ಮಾಡುವವನಿಗೆ ಪರವಾನಗಿ ಬೇಕು, ಖಾಸಗಿ ವ್ಯಕ್ತಿ ಅದನ್ನು ದೇಶದಿಂದ ಹೊರಗೆ ಕಳುಹಿಸುವಂತಿಲ್ಲ. ವಿದೇಶದಲ್ಲಿರುವ ಕನ್ನಡಿಗರು ಊರಿಗೆ ಬಂದಾಗ ಇಲ್ಲಿ ಕೊಂಡ ಹಳೆಯ ನಾಣ್ಯವನ್ನು ಕೈಚೀಲದಲ್ಲಿಟ್ಟು ಒಯ್ಯುವುದೂ ಈ ನಿಷೇಧಕ್ಕೆ ಒಳಪಡುತ್ತದೆ. ಹೊರದೇಶದಲ್ಲಿ ಕೊಳ್ಳುವುದಾದರೆ ಆಯಾ ದೇಶದ ಆಮದು ನಿಯಮಗಳನ್ನು ಕೊಳ್ಳುವ ಮೊದಲೇ ವಿಚಾರಿಸಿಕೊಳ್ಳಬೇಕು.

ಎಂಟನೇ ಹಂತ: ಕಾಪಾಡುವುದು ಮತ್ತು ದಾಖಲಿಸುವುದು

ಮನೆಯ ಬೆಳ್ಳಿ ದೀಪಗಳನ್ನು ಹುಣಸೆಹಣ್ಣು, ವಿಭೂತಿ ಹಚ್ಚಿ ತಿಕ್ಕುವ ಅಭ್ಯಾಸವನ್ನು ಈ ನಾಣ್ಯಗಳ ಹತ್ತಿರಕ್ಕೂ ತರಬಾರದು. ಹಳೆಯ ಬೆಳ್ಳಿ ಶತಮಾನಗಳು ಕಳೆದಂತೆ ಒಳಗಿನಿಂದ ಹರಳುಗಟ್ಟಿ ಪೆಡಸಾಗುತ್ತದೆ. ಇಷ್ಟು ತೆಳುವಾದ ಬಿಲ್ಲೆ ಹೆಬ್ಬೆರಳಿನ ಒತ್ತಡಕ್ಕೂ ಹಪ್ಪಳದಂತೆ ಮುರಿಯಬಹುದು. ಬಾಗಿದ ನಾಣ್ಯವನ್ನು ನೇರ ಮಾಡಲು ಹೋಗುವುದಂತೂ ಕೂಡದು. ಮೇಲಿನ ಕಪ್ಪುಛಾಯೆ ಬೆಳ್ಳಿಗೆ ರಕ್ಷಣೆ. ಅದನ್ನು ತೆಗೆದರೆ ನಾಣ್ಯದ ಬೆಲೆಯೂ ಇಳಿಯುತ್ತದೆ. ಸಡಿಲ ಮಣ್ಣಿದ್ದರೆ ಭಟ್ಟಿಯಿಳಿಸಿದ ನೀರಿನಲ್ಲಿ ಸ್ವಲ್ಪ ಹೊತ್ತು ನೆನೆಸಿ, ಮೆತ್ತನೆಯ ಹತ್ತಿ ಬಟ್ಟೆಯ ಮೇಲಿಟ್ಟು, ಒರೆಸದೆ ಆರಲು ಬಿಡಬೇಕು. ಬೂದು ಬಣ್ಣದ ಗಟ್ಟಿ ಕ್ಲೋರೈಡ್ ಪೊರೆ ಕಟ್ಟಿದ್ದರೆ ಸಂರಕ್ಷಣೆ ಬಲ್ಲವರಿಗೆ ಒಪ್ಪಿಸುವುದು ಲೇಸು.

ಹಿಡಿಯುವಾಗ ಅಂಚನ್ನು ಮಾತ್ರ ಹಿಡಿದು, ಕೆಳಗೆ ಮಡಿಸಿದ ಬಟ್ಟೆ ಹಾಸಿರಬೇಕು. ಪಿವಿಸಿ ಪ್ಲಾಸ್ಟಿಕ್ಕಿನ ಮೆತ್ತನೆಯ ಚೀಲಗಳು ಕಾಲಕ್ರಮೇಣ ಹಸಿರು ಜಿಗುಟನ್ನು ಬಿಡುವುದರಿಂದ ಮೈಲಾರ್ ಎಂಬ ಪಾಲಿಯೆಸ್ಟರ್ ಹಾಳೆಯ ಚೀಲಗಳನ್ನೋ ಆಮ್ಲರಹಿತ ಕಾಗದದ ಲಕೋಟೆಗಳನ್ನೋ ಬಳಸಬೇಕು. ರಬ್ಬರ್, ಉಣ್ಣೆ ಬಟ್ಟೆ, ವೃತ್ತಪತ್ರಿಕೆಯ ಕಾಗದ ಗಂಧಕದ ಅಂಶವನ್ನು ಸೂಸಿ ಬೆಳ್ಳಿಯನ್ನು ಬೇಗ ಕಪ್ಪಾಗಿಸುತ್ತವೆ. ಮಂಗಳೂರು, ಉಡುಪಿ, ಕಾರವಾರದ ಕಡೆಯವರು ಮಳೆಗಾಲದಲ್ಲಿ ಡಬ್ಬಿಯೊಳಗೆ ಸಿಲಿಕಾ ಜೆಲ್ ಪೊಟ್ಟಣವಿಟ್ಟು, ಅದು ಒದ್ದೆಯಾದಾಗಲೆಲ್ಲ ಬದಲಿಸುತ್ತಿರಬೇಕು.

ಪ್ರತಿ ನಾಣ್ಯಕ್ಕೂ ಒಂದು ಹಾಳೆ ತೆರೆದು ದೊರೆಯ ಹೆಸರು, ಗೋಬ್ಲ್ ಸಂಖ್ಯೆ, ವರ್ಷವನ್ನು ಓದಿದ ಬಗೆ, ಟಂಕಸಾಲೆಯ ಅಕ್ಷರಗಳು, ತೂಕ, ಅಡ್ಡಳತೆ, ಅಚ್ಚುಗಳ ಕೋನ, ಕೊಂಡ ಸ್ಥಳ ಮತ್ತು ದಿನಾಂಕ, ಹಿಂದಿನ ಒಡೆಯರ ವಿವರ ಇಷ್ಟನ್ನು ಬರೆಯಬೇಕು. ಓರೆಯಾಗಿ ಬೀಳುವ ಬೆಳಕಿನಲ್ಲಿ ಎರಡೂ ಬದಿಯ ಛಾಯಾಚಿತ್ರ ತೆಗೆದರೆ ನೇರ ಬೆಳಕಿನಲ್ಲಿ ಕಾಣದ ಅಕ್ಷರಗಳೂ ಎದ್ದು ಕಾಣುತ್ತವೆ. ಓದಿನಲ್ಲಿ ಸಂಶಯವಿರುವ ಅಕ್ಷರದ ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಿ ಬಿಡಿ. ಅದೇ ಟಂಕಸಾಲೆಯ ಇನ್ನೊಂದು ನಾಣ್ಯ ಕೈಗೆ ಬಂದಾಗ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಆ ಚಿಹ್ನೆಯನ್ನು ಅಳಿಸಲು ಸಾಧ್ಯವಾಗುತ್ತದೆ.